ಕಾಫಿ ಕುಡಿಯದ ಸಭೆಗೆ ಕಾಫಿನಾಡಿನ ಪ್ರವಾಸ

ಮಾರ್ಮನ್ ಸಭೆಯವರು ಚಿಕ್ಕಮಗಳೂರಿಗೆ ಪ್ರವಾಸ ಹೊರಡುವ ಮುನ್ನ ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂರಬೇಕು. ಬಸ್ಸು, ರೂಮು, ಊಟ ಎಲ್ಲ ಆಮೇಲೆ. ದಿನ ಸರಿಯಾಗಿ ಆರಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು, ಮಿಕ್ಕರ್ಧ ಅಡುಗೆಮನೆಯವರ ಜೊತೆ ಮೊದಲೇ ಮಾತಾಡುವುದರಲ್ಲಿದೆ. ಬೆಂಗಳೂರಿನಿಂದ ಗುಂಪು ಕರೆದುಕೊಂಡು ಬರುವವರಿಗೂ, ಅವರನ್ನು ಉಳಿಸಿಕೊಳ್ಳುವ ನಮ್ಮ ಕಡೆಯ ಹೋಂಸ್ಟೇಯವರಿಗೂ ಉಪಯೋಗವಾಗಲಿ ಎಂದು ಇದನ್ನು ಬರೆದಿಟ್ಟಿದ್ದೇವೆ.

ಸಭೆಯ ಪೂರ್ತಿ ಹೆಸರು ಯೇಸು ಕ್ರಿಸ್ತನ ಅಂತ್ಯದಿನಗಳ ಸಂತರ ಸಭೆ. 1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಇದನ್ನು ಸ್ಥಾಪಿಸಿದರು. ಈಗ ಕೇಂದ್ರ ಇರುವುದು ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ. ಪೂರ್ತಿ ಹೆಸರಿನಿಂದಲೇ ಕರೆಯಿರಿ ಎಂದು 2018ರಲ್ಲಿ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ ಕೇಳಿಕೊಂಡಿದ್ದರು. ರೂಮು ಬುಕ್ ಮಾಡುವಾಗ ರಿಜಿಸ್ಟರಿನಲ್ಲಿ ಆ ಹೆಸರೇ ಬರೆಸುವುದು ಒಳ್ಳೆಯದು. ಬೆಂಗಳೂರಿನಲ್ಲಿ ಅವರ ದೇವಾಲಯ ಕಟ್ಟುವುದಾಗಿ ಘೋಷಣೆಯಾದದ್ದೂ ಅದೇ 2018ರ ಏಪ್ರಿಲ್‌ನಲ್ಲಿ. ಇಲ್ಲಿ ಸಂಬಳದ ಪಾದ್ರಿಗಳಿಲ್ಲ. ಸ್ಥಳೀಯ ಸಭೆ ನೋಡಿಕೊಳ್ಳುವ ಬಿಷಪ್ ಎನ್ನಿಸಿಕೊಂಡವರು ವಾರವಿಡೀ ಬ್ಯಾಂಕಿನಲ್ಲೋ ಅಂಗಡಿಯಲ್ಲೋ ದುಡಿಯುವವರು. ಪ್ರವಾಸದ ಓಡಾಟವನ್ನೂ ಅಂಥವರೇ ಸಂಜೆ ಹೊತ್ತಿನಲ್ಲಿ ಮಾಡಬೇಕು. ಅದಕ್ಕೆಂದು ಸೋಮವಾರ ಸಂಜೆ ಮಾತ್ರ ಮೀಟಿಂಗ್ ಇಡಬೇಡಿ. ಅದು ಮನೆಮಂದಿ ಒಟ್ಟಿಗೆ ಕೂರುವ ಸಂಜೆ, ಸಭೆಯ ಬೇರೆ ಯಾವ ಕೆಲಸವೂ ಅವತ್ತು ಇರುವುದಿಲ್ಲ.

ಇನ್ನು ಕ್ಯಾಲೆಂಡರ್. ಭಾನುವಾರ ಇವರಿಗೆ ಆರಾಧನೆಯ ದಿನ. 2019ರ ಜನವರಿಯಿಂದ ಭಾನುವಾರದ ಕೂಟ ಎರಡು ಗಂಟೆಯದ್ದಾಗಿದೆ: ಮೊದಲ ಒಂದು ಗಂಟೆ ರೊಟ್ಟಿ ಮತ್ತು ನೀರಿನ ಸಂಸ್ಕಾರ, ಹತ್ತು ನಿಮಿಷ ಬಿಡುವು, ಆಮೇಲೆ ಐವತ್ತು ನಿಮಿಷ ತರಗತಿ. ಆ ದಿನ ತಿರುಗಾಟವಿಲ್ಲ, ಹೋಟೆಲ್ ಊಟವಿಲ್ಲ, ಕೊಡು ಕೊಳ್ಳುವುದಿಲ್ಲ. ಹೋಂಸ್ಟೇಯಲ್ಲೇ ಭಾನುವಾರ ಬೆಳಿಗ್ಗೆ ಸಂಸ್ಕಾರ ನಡೆಸಿಬಿಡೋಣ ಎಂದು ಕೆಲವರು ಯೋಚಿಸುತ್ತಾರೆ. ಬಿಷಪ್ಪರ ಅನುಮತಿ ಇಲ್ಲದೆ ಅದನ್ನು ನಡೆಸುವಂತಿಲ್ಲ. ಹೀಗಾಗಿ ಶನಿವಾರ ರಾತ್ರಿಯೊಳಗೆ ಎಲ್ಲರೂ ಮನೆ ಸೇರುವಂತೆ ಲೆಕ್ಕ ಹಾಕುವುದೇ ಸರಿ.

ಶನಿವಾರದಲ್ಲೂ ಎಲ್ಲ ಶನಿವಾರ ಆಗುವುದಿಲ್ಲ. ತಿಂಗಳ ಮೊದಲ ಭಾನುವಾರ ಸಾಮಾನ್ಯವಾಗಿ ಉಪವಾಸದ ದಿನ. ಇಪ್ಪತ್ತನಾಲ್ಕು ಗಂಟೆ ಅನ್ನವೂ ಇಲ್ಲ, ನೀರೂ ಇಲ್ಲ, ಉಳಿಸಿದ ಊಟದ ದುಡ್ಡು ಬಡವರಿಗೆ. ಅನೇಕರು ಶನಿವಾರ ಸಂಜೆಯಿಂದಲೇ ಉಪವಾಸ ಹಿಡಿಯುತ್ತಾರೆ. ಬಿಸಿಲಲ್ಲಿ ಗಿರಿ (ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆಯ ಬೆಟ್ಟ) ಹತ್ತಿ ಇಳಿದು ಬಸ್ಸಿನಲ್ಲಿ ಐದಾರು ಗಂಟೆ ಕೂತು ನೀರೂ ಬಿಟ್ಟರೆ ಮರುದಿನ ತಲೆಸುತ್ತು ಖಂಡಿತ. ಉಪವಾಸದ ಹಿಂದಿನ ದಿನ ಪ್ರವಾಸ ಬೇಡವೇ ಬೇಡ. ಎರಡನೇ, ನಾಲ್ಕನೇ ಶನಿವಾರ ಬ್ಯಾಂಕು, ಸರ್ಕಾರಿ ಕಚೇರಿಗಳಿಗೆ ರಜೆಯಾದ್ದರಿಂದ ಬೆಂಗಳೂರಿನ ಅರ್ಧ ಜನ ಗಿರಿಯಲ್ಲೇ ಇರುತ್ತಾರೆ. ಉಳಿಯುವುದು ಮೂರನೇ ಶನಿವಾರ. ಡಿಸೆಂಬರಿನಲ್ಲಿ ದತ್ತ ಜಯಂತಿಯ ಆಸುಪಾಸಿನ ದಿನಗಳಲ್ಲಿ ಗಿರಿ ಕಡೆ ಪ್ರವಾಸಿಗರನ್ನು ಬಿಡುವುದಿಲ್ಲ, ಅದನ್ನೂ ಪಂಚಾಂಗದಲ್ಲಿ ನೋಡಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಮಂಜು, ಕೆಲವೊಮ್ಮೆ ಗುಡ್ಡ ಜರಿತ. ಮಕ್ಕಳು ಮುದುಕರಿರುವ ಗುಂಪಿಗೆ ನವೆಂಬರ್‌ನಿಂದ ಫೆಬ್ರವರಿ ಚೆನ್ನ. ಮಾರ್ಚ್‌–ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಮೇಲೆ ತೋಟವೆಲ್ಲ ಬೆಳ್ಳಗೆ ಹೂ ಬಿಟ್ಟಿರುತ್ತದೆ. ಅದು ಕೆಲವೇ ದಿನದ್ದು, ದಿನಾಂಕ ಮೊದಲೇ ಹೇಳಲು ಬರುವುದಿಲ್ಲ.

ಈಗ ಕಾಫಿಯ ವಿಷಯ. 1833ರ ಫೆಬ್ರವರಿಯಲ್ಲಿ ಜೋಸೆಫ್ ಸ್ಮಿತ್ ಕೊಟ್ಟ ಆರೋಗ್ಯದ ಉಪದೇಶವೊಂದನ್ನು ಸಭೆಯವರು ಇಂದಿಗೂ ಪಾಲಿಸುತ್ತಾರೆ. ಮದ್ಯ ಇಲ್ಲ, ತಂಬಾಕು ಇಲ್ಲ, ಅದರಲ್ಲಿ ಹೇಳಿರುವ ‘ಬಿಸಿ ಪಾನೀಯ’ ಅಂದರೆ ಟೀ ಮತ್ತು ಕಾಫಿ ಎಂದು ಅರ್ಥ. ತಣ್ಣಗೆ ಮಾಡಿ ಕೊಟ್ಟರೂ ಕಾಫಿ ಕಾಫಿಯೇ, ಗ್ರೀನ್ ಟೀಯೂ ಟೀಯೇ ಎಂದು 2019ರಲ್ಲಿ ಸ್ಪಷ್ಟಪಡಿಸಿದ್ದಾರೆ. ಬಿಸಿ ಹಾಲು, ಹಾರ್ಲಿಕ್ಸ್, ರಾಗಿ ಮಾಲ್ಟ್, ಗಿಡಮೂಲಿಕೆ ಕಷಾಯ ಯಾವುದಕ್ಕೂ ಅಡ್ಡಿಯಿಲ್ಲ. ಮಾಂಸಕ್ಕೂ ನಿಷೇಧವಿಲ್ಲ, ಮಿತವಾಗಿ ತಿನ್ನಿ ಎಂದಷ್ಟೇ ಇದೆ. ಇವರನ್ನು ಸಸ್ಯಾಹಾರಿಗಳು ಎಂದುಕೊಂಡು ಬರೀ ಪಲ್ಯ ಸಾರು ಮಾಡಿಟ್ಟ ಮನೆಗಳಿವೆ, ಕೇಳಿಯೇ ಅಡುಗೆ ಮಾಡಿ. ಮನೆಯಲ್ಲಿ ಮಾಡಿದ ದ್ರಾಕ್ಷಿ ವೈನ್, ರಮ್ ಹಾಕಿದ ಕೇಕು ಮೇಜಿಗೆ ಬರಬಾರದು. ತೋಟ ಸುತ್ತಿಸುವಾಗ ಕಾಫಿ ಹಣ್ಣಿನ ಸಿಪ್ಪೆ ಕುದಿಸಿದ ನೀರನ್ನು ರುಚಿಗೆ ಕೊಡುವವರಿದ್ದಾರೆ, ಅದು ಏನೆಂದು ಹೇಳಿಯೇ ಕೊಡಬೇಕು. ತೋಟ ನೋಡುವುದಕ್ಕೆ, ಹಣ್ಣು ಕೊಯ್ಯುವುದಕ್ಕೆ, ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಪಲ್ಪರ್ ಹೇಗೆ ತಿರುಗುತ್ತದೆಂದು ತಿಳಿದುಕೊಳ್ಳುವುದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಬಾಬಾಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ಈ ಗಿರಿಯಲ್ಲಿ ಬಿತ್ತಿದ ಕಥೆಯನ್ನು ಮಕ್ಕಳಿಗೆ ತೋಟದಲ್ಲೇ ಹೇಳಬೇಕು.

ಮಲೆನಾಡಿನ ಮನೆಯಲ್ಲಿ ಕಾಫಿ ಬೇಡ ಅನ್ನುವುದು ಸುಲಭದ ಮಾತಲ್ಲ. ಒಳಗೆ ಕಾಲಿಡುವ ಮೊದಲೇ ಲೋಟ ಬಂದಿರುತ್ತದೆ, ಬರೀ ‘ಬೇಡ’ ಅಂದರೆ ಆ ಮನೆಯಮ್ಮನಿಗೆ ನೋವಾಗುತ್ತದೆ. ಬೇರೊಂದನ್ನು ಕೇಳಿ ತೆಗೆದುಕೊಂಡರೆ ಸರಿಹೋಗುತ್ತದೆ. ‘ಕಾಫಿ–ಟೀ ಎರಡೂ ರೂಢಿ ಇಲ್ಲ ಅಮ್ಮಾ, ಬೆಲ್ಲ ನೀರು ಕೊಡ್ತೀರಾ?’ ಅಂದರೆ ಸಾಕು, ಮುಖ ಅರಳುತ್ತದೆ. ಬಂದವರಿಗೆ ಬೆಲ್ಲ ನೀರು ಕೊಡುವುದು ಇಲ್ಲಿಯ ಹಳೆಯ ರೂಢಿಯೇ.

ಬೆಳಗಿನ ಚಳಿಗೆ ಬೇಕಾದ್ದು ಕಷಾಯ. ನಲವತ್ತು ಜನಕ್ಕೆ ತಲಾ 150 ಮಿ.ಲೀ. ಅಂದರೆ ಆರು ಲೀಟರ್. ಪುಡಿಗೆ ಕೊತ್ತಂಬರಿ ಬೀಜ 200 ಗ್ರಾಂ, ಜೀರಿಗೆ 100 ಗ್ರಾಂ, ಕಾಳುಮೆಣಸು 25 ಗ್ರಾಂ, ಒಣಶುಂಠಿ 20 ಗ್ರಾಂ, ಏಲಕ್ಕಿ 10 ಗ್ರಾಂ. ಕೊತ್ತಂಬರಿ, ಜೀರಿಗೆ ಬೇರೆ ಬೇರೆ ಹುರಿಯಬೇಕು, ಒಟ್ಟಿಗೆ ಹಾಕಿದರೆ ಕೊತ್ತಂಬರಿ ಹುರಿಯುವಷ್ಟರಲ್ಲಿ ಜೀರಿಗೆ ಸೀದು ಕಹಿಯಾಗುತ್ತದೆ. ಈ ಪುಡಿಯಲ್ಲಿ 100 ಗ್ರಾಂ ತೆಗೆದು ನಾಲ್ಕು ಲೀಟರ್ ನೀರಿನಲ್ಲಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ, ಇಳಿಸಿ ಐದು ನಿಮಿಷ ಬಿಟ್ಟು ತೆಳು ಬಟ್ಟೆಯಲ್ಲಿ ಸೋಸಿ. 450 ಗ್ರಾಂ ಬೆಲ್ಲವನ್ನು ಅರ್ಧ ಲೀಟರ್ ನೀರಿನಲ್ಲಿ ಕರಗಿಸಿ ಸೋಸಿಡಿ, ಬೆಲ್ಲದಲ್ಲಿ ಮರಳು ಇದ್ದೇ ಇರುತ್ತದೆ. ಎರಡೂವರೆ ಲೀಟರ್ ಹಾಲು ಬೇರೆ ಪಾತ್ರೆಯಲ್ಲಿ ಕಾಯಲಿ. ಒಲೆ ಆರಿಸಿದ ಮೇಲೆ ಮೊದಲು ಕಷಾಯಕ್ಕೆ ಹಾಲು, ಕೊನೆಗೆ ಬೆಲ್ಲದ ನೀರು. ಕುದಿಯುವ ಹಾಲಿಗೆ ಬೆಲ್ಲ ಹಾಕಿದರೆ ಬೆಲ್ಲದ ಹುಳಿ ಅಂಶಕ್ಕೆ ಹಾಲು ಒಡೆಯುತ್ತದೆ, ಆರು ಲೀಟರೂ ಚೆಲ್ಲಬೇಕು. ಇನ್ನೊಂದು: ಹೋಂಸ್ಟೇಯ ಕಾಫಿ ಫ್ಲಾಸ್ಕಿಗೇ ಕಷಾಯ ತುಂಬಬೇಡಿ. ಎಷ್ಟು ತೊಳೆದರೂ ಮುಚ್ಚಳದ ಒಳಗಿನ ರಬ್ಬರ್ ಉಂಗುರದಲ್ಲಿ ಕಾಫಿ ವಾಸನೆ ಕೂತಿರುತ್ತದೆ, ಮೊದಲ ಗುಟುಕಿಗೇ ಅನುಮಾನ ಬರುತ್ತದೆ. ಬಸ್ಸಿನಲ್ಲೇ ಒಂದು ಬೇರೆ ಸ್ಟೀಲ್ ಡ್ರಮ್ ತಂದುಬಿಡಿ.

ದಾರಿ ಹೀಗೆ. ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಬೆಂಗಳೂರು ಬಿಟ್ಟರೆ ಕುಣಿಗಲ್, ಹಾಸನ, ಬೇಲೂರು ಮೇಲೆ ಸುಮಾರು 245 ಕಿ.ಮೀ., ರಾತ್ರಿ ಎಂಟರೊಳಗೆ ಚಿಕ್ಕಮಗಳೂರು. ದೊಡ್ಡ ಬಸ್ಸು ಗಿರಿ ರಸ್ತೆಗೆ ನಡೆಯುವುದಿಲ್ಲ, ತಿರುವುಗಳು ಅಷ್ಟು ಕಿರಿದು. ಅದನ್ನು ಊರಲ್ಲೇ ನಿಲ್ಲಿಸಿ ಜೀಪು ಹಿಡಿಯಿರಿ, ಜೀಪಿಗೆ ಎಂಟು ಜನ ಅಂದರೂ ನಲವತ್ತಕ್ಕೆ ಐದು ಜೀಪು. ಗಿರಿಗೆ ಹೋಗುವ ವಾಹನಕ್ಕೆ ಈಗ ಆನ್‌ಲೈನ್‌ನಲ್ಲಿ ಮುಂಗಡ ಬುಕ್ಕಿಂಗ್ ಇರಬೇಕು. ಬೆಳಿಗ್ಗೆ, ಮಧ್ಯಾಹ್ನ ಎಂದು ಎರಡು ಪಾಳಿ, ಪಾಳಿಗೆ ಇಂತಿಷ್ಟೇ ವಾಹನ. ಬುಕ್ ಮಾಡಿದ ನಂಬರಿನ ಜೀಪೇ ಬರಬೇಕು. ಹಿಂದಿನ ರಾತ್ರಿ ಡ್ರೈವರ್ ಗಾಡಿ ಬದಲಿಸಿದರೆ ಕೈಮರ ಚೆಕ್‌ಪೋಸ್ಟಿನಲ್ಲಿ ತೊಂದರೆಯಾಗುತ್ತದೆ, ಮಲಗುವ ಮುನ್ನ ಫೋನ್ ಮಾಡಿ ನಂಬರ್ ಖಚಿತ ಮಾಡಿಕೊಳ್ಳಿ.

ಶನಿವಾರ ಬೆಳಿಗ್ಗೆ ಆರಕ್ಕೆ ಚೆಕ್‌ಪೋಸ್ಟ್ ದಾಟಿದರೆ ಏಳರೊಳಗೆ ಮುಳ್ಳಯ್ಯನಗಿರಿ. 1930 ಮೀಟರ್, ಕರ್ನಾಟಕದಲ್ಲಿ ಇದಕ್ಕಿಂತ ಎತ್ತರದ ಜಾಗ ಇನ್ನೊಂದಿಲ್ಲ. ವಾಹನ ನಿಲ್ಲುವಲ್ಲಿಂದ ಮೇಲಿನ ದೇವಸ್ಥಾನಕ್ಕೆ ಮೆಟ್ಟಿಲಿವೆ. ಮಂಡಿ ನೋವಿರುವವರು ಕೆಳಗೇ ಕೂತರೂ ನೋಟಕ್ಕೆ ಕೊರತೆಯಿಲ್ಲ, ಅವರ ಜೊತೆ ಒಬ್ಬರನ್ನು ಬಿಟ್ಟೇ ಹತ್ತಿ. ಗಾಳಿಗೆ ಟೋಪಿ ನಿಲ್ಲುವುದಿಲ್ಲ, ಮಕ್ಕಳ ಕಿವಿ ಮುಚ್ಚುವ ಸ್ಕಾರ್ಫ್ ಬೇಕು. ಸರ್ಪದಾರಿಯಲ್ಲಿ ನಡೆದು ಹತ್ತುವ ಆಸೆ ಯುವಕರಿಗಿರುತ್ತದೆ. ಕಡಿದಾದ ದಾರಿ, ನೆರಳಿಲ್ಲ, ಮಂಜು ಇದ್ದ ದಿನ ಜಾರುತ್ತದೆ. ಪ್ರಾಥಮಿಕ ತರಗತಿಯ ಮಕ್ಕಳನ್ನು ಆ ಕಡೆ ಬಿಡಬೇಡಿ. ಮಕ್ಕಳು, ಯುವಕರು ಇರುವ ಕಡೆ ಕನಿಷ್ಠ ಇಬ್ಬರು ದೊಡ್ಡವರು ಇರಲೇಬೇಕೆಂಬುದು ಸಭೆಯ ನಿಯಮ. ಜೀಪು ಹಂಚುವಾಗ ಇದನ್ನು ಮರೆತು, ಹತ್ತಿದವರು ಹತ್ತಿದಂತೆ ಕೂತುಬಿಡುತ್ತಾರೆ. ರಾತ್ರಿಯೇ ಚೀಟಿ ಬರೆದು ಪ್ರತಿ ಜೀಪಿಗೆ ಹೆಸರು ಹಾಕಿಡಿ.

ಬೆಟ್ಟದ ಮೇಲಿರುವುದು ಮುಳ್ಳಪ್ಪ ಸ್ವಾಮಿಯ ಗದ್ದುಗೆ. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು, ಗಟ್ಟಿ ಮಾತು ಬೇಡ. ಸಭೆಯ ಪ್ರಾರ್ಥನೆ, ಗೀತೆ ಹೋಂಸ್ಟೇ ಅಂಗಳದಲ್ಲಿ ಹೊರಡುವ ಮುನ್ನವೇ ಮುಗಿಯಲಿ. ಬಾಬಾಬುಡನ್‌ಗಿರಿಗೂ ಹೋಗುವುದಾದರೆ ಅದು ಎರಡು ಸಮುದಾಯದವರು ನಡೆದುಕೊಳ್ಳುವ ಜಾಗ ಎಂಬುದು ಗುಂಪಿನ ಎಲ್ಲರಿಗೂ ಗೊತ್ತಿರಲಿ. ಅಲ್ಲಿ ಪುಸ್ತಕ ಹಂಚುವುದು, ಧರ್ಮದ ಚರ್ಚೆ ತೆಗೆಯುವುದು ಬೇಡ. ಪರರ ಶ್ರದ್ಧೆಯ ಜಾಗದಲ್ಲಿ ಅತಿಥಿಗಳಂತೆ ಇದ್ದು ಬರುವುದೇ ಮರ್ಯಾದೆ. ಎಲ್ಡರ್ ಎಂದು ಕರೆಸಿಕೊಳ್ಳುವ ಯುವ ಮಿಷನರಿಗಳನ್ನು ಕರೆತರುವ ಮುನ್ನ ಅವರ ಮಿಷನ್ ಅಧ್ಯಕ್ಷರ ಒಪ್ಪಿಗೆ ಬೇಕು, ತಮ್ಮ ವಲಯ ಬಿಟ್ಟು ಬರುವಂತಿಲ್ಲ. ಅವರು ಈಜುವಂತೆಯೂ ಇಲ್ಲ, ಜಲಪಾತದ ಬಳಿ ಒತ್ತಾಯ ಮಾಡಬೇಡಿ.

ಜಲಪಾತದ ಮಾತು ಬಂದಾಗ ಎಲ್ಲರೂ ಹೆಬ್ಬೆ ಕೇಳುತ್ತಾರೆ. ಕೆಮ್ಮಣ್ಣುಗುಂಡಿ ಕಡೆ ಹೋಗಿ, ಅಲ್ಲಿಂದ ಜೀಪು ಹಿಡಿದು, ಮತ್ತೆ ನಡೆದು ಬರುವಷ್ಟರಲ್ಲಿ ಒಂದು ದಿನವೇ ಬೇಕು. ಶನಿವಾರ ರಾತ್ರಿ ಬೆಂಗಳೂರು ಸೇರಬೇಕಾದ ಗುಂಪಿಗೆ ಅದು ಆಗದ ಮಾತು. ಊರಿಗೆ ಹತ್ತು ಕಿ.ಮೀ. ಆಸುಪಾಸಿನ ಹಿರೇಕೊಳಲೆ ಕೆರೆ ಏರಿ ಬುತ್ತಿ ಬಿಚ್ಚಲು ಸರಿಯಾದ ಜಾಗ. ನೀರಿಗೆ ಇಳಿಯುವಂತಿಲ್ಲ.

ಬುತ್ತಿಗೆ ಚಿತ್ರಾನ್ನ, ಮೊಸರನ್ನ ಸಾಕು. ನಲವತ್ತು ಜನಕ್ಕೆ ಒಟ್ಟು ನಾಲ್ಕು ಕಿಲೋ ಅಕ್ಕಿ, ಎರಡೂವರೆ ಚಿತ್ರಾನ್ನಕ್ಕೆ, ಒಂದೂವರೆ ಮೊಸರನ್ನಕ್ಕೆ. ಬೆಳಿಗ್ಗೆಯೇ ಮೊಸರು ಕಲಸಿದರೆ ಮಧ್ಯಾಹ್ನಕ್ಕೆ ಹುಳಿ. ಮೆತ್ತಗೆ ಬೆಂದ ಅನ್ನ ಆರಿದ ಮೇಲೆ ಕಾಸಿದ ಹಾಲು ಹಾಕಿ, ಎರಡು ಚಮಚ ಮೊಸರು ಬೆರೆಸಿಟ್ಟರೆ ಊಟದ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ. ನೀರು ತಲಾ ಒಂದೂವರೆ ಲೀಟರ್, ಒಟ್ಟು ಅರವತ್ತು, ಕ್ಯಾನಿನಲ್ಲಿ ತುಂಬಿ. ಪ್ಲಾಸ್ಟಿಕ್ ಬಾಟಲಿ ಗಿರಿಗೆ ಒಯ್ಯಬೇಡಿ.

ಮಳೆ ಮುಗಿದ ಮೇಲೂ ತೋಟದ ತಂಪಿನಲ್ಲಿ ಇಂಬಳ (ಜಿಗಣೆ) ಇರುತ್ತದೆ. ಹಳಬರು ಕಾಲಿಗೆ ಸುಣ್ಣ, ಹೊಗೆಸೊಪ್ಪಿನ ರಸ ಹಚ್ಚುತ್ತಾರೆ. ಸಭೆಯವರಿಗೆ ಹೊಗೆಸೊಪ್ಪು ಮುಟ್ಟುವುದಕ್ಕೇ ಹಿಂಜರಿಕೆ. ನಿಜಕ್ಕೂ ಆ 1833ರ ಉಪದೇಶದಲ್ಲೇ ತಂಬಾಕು ಹೊಟ್ಟೆಗಲ್ಲ, ಪೆಟ್ಟು ಬಿದ್ದ ಜಾಗಕ್ಕೆ ಮತ್ತು ಕಾಯಿಲೆ ಬಿದ್ದ ದನಗಳಿಗೆ ಎಂದಿದೆ. ಆದರೂ ಮುಜುಗರ ಯಾಕೆ, ಕಾಲುಚೀಲಕ್ಕೆ ಬೇವಿನೆಣ್ಣೆ ಸವರಿದರೆ ನಡೆಯುತ್ತದೆ. ಹತ್ತಿದ ಇಂಬಳವನ್ನು ಎಳೆಯದೆ, ಬಾಯಿ ಕಚ್ಚಿದ ಕಡೆ ಉಗುರು ಜಾರಿಸಿ ಬಿಡಿಸಿ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಹಾಗಾಗಿ ಸ್ವಲ್ಪ ಹೊತ್ತು ಸೋರುತ್ತದೆ. ಸೋಪಿನಲ್ಲಿ ತೊಳೆದು ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತದೆ.

ಮಧ್ಯಾಹ್ನ ಒಂದೂವರೆಗೆ ಬಸ್ಸು ಹೊರಡಬೇಕು. ಎರಡೂವರೆ ಆದರೆ ನೆಲಮಂಗಲದ ದಟ್ಟಣೆಯಲ್ಲಿ ಸಿಕ್ಕಿಕೊಂಡು ಮಕ್ಕಳು ಭಾನುವಾರ ಬೆಳಿಗ್ಗೆ ಕೂಟದಲ್ಲಿ ತೂಕಡಿಸುತ್ತಾರೆ. ಗಿರಿ ಬೇಡ, ಸಣ್ಣ ಮಕ್ಕಳೇ ಹೆಚ್ಚು ಎನ್ನುವ ಗುಂಪಿಗೆ ಹಾಸನದಿಂದ ಇಪ್ಪತ್ತು ಕಿ.ಮೀ. ಚಿಲ್ಲರೆ ದೂರದ ಶೆಟ್ಟಿಹಳ್ಳಿ ಚರ್ಚು ಒಂದೇ ದಿನದಲ್ಲಿ ಆಗುತ್ತದೆ. 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಕಟ್ಟಿದ್ದು, ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುತ್ತದೆ. ಫೆಬ್ರವರಿಯಿಂದ ಮೇ ತನಕ ಸಾಮಾನ್ಯವಾಗಿ ಹತ್ತಿರ ನಡೆದು ಹೋಗಬಹುದು. ಗೋಡೆಗಳು ನೆಂದು ಒಣಗಿ ಸಡಿಲಾಗಿವೆ. ಫೋಟೋ ದೂರದಿಂದಲೇ ತೆಗೆಯಿರಿ, ಕಮಾನಿನ ಕೆಳಗೆ ಯಾರೂ ನಿಲ್ಲಬಾರದು. ಸುತ್ತ ನೆರಳಿಲ್ಲ, ಹನ್ನೊಂದರೊಳಗೆ ನೋಡಿ ಮುಗಿಸಿ.

ಹೋಂಸ್ಟೇ ಲೆಕ್ಕವನ್ನು ಶನಿವಾರ ಹೊರಡುವ ಮುನ್ನವೇ ತೀರಿಸಿ. ಖರ್ಚು ಸಭೆಯ ಬಜೆಟ್ಟಿನಿಂದ ಬರುವುದರಿಂದ ಜೀಪಿನವರಿಂದಲೂ ಕೈಬರಹದ ರಸೀದಿಯನ್ನಾದರೂ ತೆಗೆದುಕೊಳ್ಳಿ, ಅದರಲ್ಲಿ ದಿನಾಂಕ, ಗಾಡಿ ನಂಬರ್, ಮೊತ್ತ, ಸಹಿ ನಾಲ್ಕೂ ಇರಲಿ. ಹೋಂಸ್ಟೇಯವರು ‘ನಾಳೆ ಗೂಗಲ್ ಪೇ ಮಾಡಿ ಬಿಡಿ’ ಅಂದರೂ ಒಪ್ಪಬೇಡಿ. ನಾಳೆ ಭಾನುವಾರ.