ದೇವಿಮನೆ ಘಾಟಿಗೊಂದು ಆಲ್ಟಿಮೀಟರ್: ಯಾವ ಸೆನ್ಸರ್?

ಕುಮಟಾದಿಂದ ಶಿರಸಿಗೆ ಘಾಟಿ ಹತ್ತುವಾಗ ಎಷ್ಟು ಮೇಲೆ ಬಂದೆವು ಅಂತ ತೋರಿಸುವ ಜೇಬಿನ ಮೀಟರ್ ಮಾಡುತ್ತಿದ್ದೇನೆ. ಮೇಲೆ ಹೋದಷ್ಟೂ ಗಾಳಿಯ ಒತ್ತಡ ಇಳಿಯುತ್ತದೆ, ಆ ಒತ್ತಡ ಅಳೆದೇ ಎತ್ತರ ಲೆಕ್ಕ ಹಾಕುವುದು. ಸದ್ಯದ ಕೆಲಸ ಒತ್ತಡದ ಸೆನ್ಸರ್ ಆರಿಸುವುದು. ಬಿಎಂಪಿ280, ಬಿಎಂಪಿ390, ಎಂಎಸ್5611, ಮೂರೂ ಒಂದೇ ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ವೈರು ಜೋಡಿಸುವ ಹಲಗೆ) ಮೇಲಿವೆ. ಐ2ಸಿ ಅಂದರೆ ಹಲವು ಸೆನ್ಸರ್‌ಗಳು ಅವೇ ವೈರುಗಳಲ್ಲಿ ಮಾತಾಡುವ ದಾರಿ, ಅಲ್ಲಿ ಒಂದೊಂದಕ್ಕೂ ಬೇರೆ ವಿಳಾಸ ಬೇಕು. ಈ ಮೂರಕ್ಕೂ ಸಿಗುವುದು ಅವೇ ಎರಡು ವಿಳಾಸ. ಹಾಗಾಗಿ ಎಂಎಸ್5611 ಅನ್ನು ಎಸ್‌ಪಿಐ ಅನ್ನುವ ಬೇರೆ ದಾರಿಗೆ ಜೋಡಿಸಿದೆ. ಬಿಸಿಲು, ಗಾಳಿ ನೇರ ತಾಗಬಾರದು ಅಂತ ಮೇಲೊಂದು ಚೂರು ಕಪ್ಪು ಸ್ಪಂಜು.

ಡಾಟಾಶೀಟ್ (ತಯಾರಕರ ವಿವರಪತ್ರ) ಪ್ರಕಾರ ಬಿಎಂಪಿ280ರ ಸಾಪೇಕ್ಷ ನಿಖರತೆ, ಅಂದರೆ ಒತ್ತಡದ ಬದಲಾವಣೆ ಅಳೆಯುವಾಗ ಆಗಬಹುದಾದ ತಪ್ಪು, 0.12 ಹೆಕ್ಟೋಪಾಸ್ಕಲ್ (ಒತ್ತಡದ ಮಾನ). ಎತ್ತರದಲ್ಲಿ ಅದು ಸುಮಾರು 1 ಮೀಟರ್. ಬಿಎಂಪಿ390ರದ್ದು 0.03, ಸುಮಾರು 25 ಸೆಂ.ಮೀ. ನನಗೆ ಇದಕ್ಕಿಂತ ಮುಖ್ಯ ಅನಿಸಿದ್ದು ಬಿಸಿಯ ಪರಿಣಾಮ. ಒಂದು ಡಿಗ್ರಿ ಬದಲಾದರೆ ಬಿಎಂಪಿ280 ಸುಮಾರು 12 ಸೆಂ.ಮೀ. ಜಾರುತ್ತದೆ, ಬಿಎಂಪಿ390 ಬರೀ 5. ಜೇಬಿನಿಂದ ತೆಗೆದು ಬಸ್ಸಿನ ಕಿಟಕಿ ಹತ್ತಿರ ಹಿಡಿದರೆ ಹತ್ತು ಡಿಗ್ರಿ ವ್ಯತ್ಯಾಸ ಸುಲಭವಾಗಿ ಬರುತ್ತದೆ, ಅಲ್ವಾ? ಎಂಎಸ್5611 ಕೂಡ ಒಳ್ಳೆಯದೇ, 10 ಸೆಂ.ಮೀ. ವರೆಗೆ ಬಿಡಿಸಿ ಹೇಳುತ್ತದೆ. ಆದರೆ 20 ಡಿಗ್ರಿಗಿಂತ ಕೆಳಗಿಳಿದರೆ ಲೆಕ್ಕಕ್ಕೆ ಇನ್ನೊಂದು ತಿದ್ದುಪಡಿ ಸೇರಿಸಬೇಕು. ಕರಾವಳಿಯಲ್ಲಿ ಅದು ಬೇಕಾಗುವುದು ಅಪರೂಪ, ಡಿಸೆಂಬರಿನ ಶಿರಸಿ ಬೆಳಗಿಗೆ ಬೇಕೇ ಬೇಕು.

ಇಷ್ಟೆಲ್ಲ ಅಳೆದರೂ ದೊಡ್ಡ ತಕರಾರು ಇರುವುದು ಗಾಳಿಯಲ್ಲೇ. ನಮ್ಮ ಕಡೆ ಒತ್ತಡ ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಜಾಸ್ತಿ, ಸಂಜೆ ನಾಲ್ಕಕ್ಕೆ ಕಡಿಮೆ. ನಡುವಿನ ಅಂತರ 3-4 ಹೆಕ್ಟೋಪಾಸ್ಕಲ್. ಸಮುದ್ರ ಮಟ್ಟದಲ್ಲಿ ಒಂದು ಹೆಕ್ಟೋಪಾಸ್ಕಲ್ ಅಂದರೆ ಎಂಟೂವರೆ ಮೀಟರ್ ಹತ್ತಿರ. ಮೇಜಿನ ಮೇಲೆ ಸುಮ್ನೆ ಕೂತ ಮೂರೂ ಸೆನ್ಸರ್‌ಗಳು ಮಧ್ಯಾಹ್ನ ಕಳೆಯುವಷ್ಟರಲ್ಲಿ ಒಟ್ಟಿಗೆ 25-30 ಮೀಟರ್ ಮೇಲೇರಿದವು. ಗ್ರಾಫಿನಲ್ಲಿ ಮೂರು ಗೆರೆಗಳೂ ಒಂದೇ ರೀತಿ ಬಾಗಿದ್ದು ನೋಡಿ ಬಹಳ ಖುಷಿಯಾಯಿತು.

ಇನ್ನೊಂದು, ಒತ್ತಡದಿಂದ ಎತ್ತರ ಲೆಕ್ಕ ಹಾಕುವ ಮಾಮೂಲಿ ಸೂತ್ರ ಸಮುದ್ರ ಮಟ್ಟದಲ್ಲಿ 15 ಡಿಗ್ರಿ ಅಂತ ಹಿಡಿದುಕೊಳ್ಳುತ್ತದೆ. ನಮ್ಮಲ್ಲಿ 30. ಬಿಸಿ ಗಾಳಿ ಹಗುರ, ಮೇಲೇರಿದಂತೆ ಒತ್ತಡ ನಿಧಾನಕ್ಕೆ ಇಳಿಯುತ್ತದೆ, ಅದಕ್ಕೇ ಏರಿದ ಎತ್ತರ ಸುಮಾರು 5% ಕಡಿಮೆ ಕಾಣುತ್ತದೆ. ಶಿರಸಿ 590 ಮೀಟರ್ ಆಸುಪಾಸು ಇರುವುದರಿಂದ ಅಲ್ಲೇ ಸುಮಾರು 30 ಮೀಟರ್ ಹೋಯಿತು. ಕೋಡಿನಲ್ಲಿ ನಿಜವಾದ ಉಷ್ಣಾಂಶ ಹಾಕಲೇಬೇಕು.

ಹಾಗಾಗಿ ಜೇಬಿಗೆ ಬಿಎಂಪಿ390. ಬಿಎಂಪಿ280 ಕುಮಟಾದ ಮನೆಯಲ್ಲೇ ಕೂತು ನಿಮಿಷಕ್ಕೊಮ್ಮೆ ಒತ್ತಡ ದಾಖಲಿಸಲಿ. ಎರಡಕ್ಕೂ ಆರ್‌ಟಿಸಿ ಗಡಿಯಾರ ಹಾಕಿ, ವಾಪಸ್ ಬಂದ ಮೇಲೆ ಆಯಾ ನಿಮಿಷದ ಏರಿಳಿತ ಕಳೆಯುತ್ತೇನೆ. ಆರ್‌ಟಿಸಿ ಮಾಡ್ಯೂಲ್ ಆರ್ಡರ್ ಮಾಡಿದ್ದಾಗಿದೆ.