ಐಟಿ ಬೆಂಗಳೂರಿಗೇ ಯಾಕೆ ಬಂತು, ನಮ್ಮೂರಿಗೆ ಯಾಕೆ ಬರಲಿಲ್ಲ?

ಹುಬ್ಬಳ್ಳಿ, ಮೈಸೂರು, ಮಂಗಳೂರು, ಎಲ್ಲಿಗೆ ಹೋದರೂ ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಇದನ್ನೇ. ಬೆಂಗಳೂರಿನ ಹವೆಯೇ ಕಾರಣ ಎನ್ನುವವರಿದ್ದಾರೆ. ಹಾಗಿದ್ದರೆ ಚಿಕ್ಕಮಗಳೂರಿಗೂ ಬರಬೇಕಿತ್ತಲ್ಲ?

ಅಮೆರಿಕದ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದು ಚಿಪ್ ವಿನ್ಯಾಸ ಶುರುಮಾಡಿದಾಗ, ಆ ಕೆಲಸ ಬಲ್ಲವರನ್ನು ಊರು ಆಗಲೇ ಬೆಳೆಸಿಟ್ಟುಕೊಂಡಿತ್ತು. ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ವಿಜ್ಞಾನ ಸಂಸ್ಥೆ 1909ರದು. ಅದಕ್ಕೆ 371 ಎಕರೆ ಕೊಟ್ಟದ್ದು ಮೈಸೂರು ಸಂಸ್ಥಾನ. 1917ರಲ್ಲಿ ವಿಶ್ವೇಶ್ವರಯ್ಯನವರ ಎಂಜಿನಿಯರಿಂಗ್ ಕಾಲೇಜು, 1940ರಲ್ಲಿ ವಿಮಾನ ಕಾರ್ಖಾನೆ ಎಚ್‌ಎಎಲ್, ಆಮೇಲೆ ಟೆಲಿಫೋನಿನ ಐಟಿಐ, ಯಂತ್ರೋಪಕರಣದ ಎಚ್‌ಎಂಟಿ, ಎಲೆಕ್ಟ್ರಾನಿಕ್ಸಿನ ಬಿಇಎಲ್. ಈ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುತ್ತ ನೂರಾರು ಸಣ್ಣ ವರ್ಕ್‌ಶಾಪುಗಳು ಹುಟ್ಟಿದವು. ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗ ಅವರು ಎಲೆಕ್ಟ್ರಾನಿಕ್ ಸಿಟಿಯ ಕನಸು ಕಂಡದ್ದೂ 1970ರ ದಶಕದಲ್ಲಿ, ಐಟಿ ಅಲೆಗೆ ಎಷ್ಟೋ ಮುಂಚೆ.

ಆದರೆ ಕಾಲೇಜು ಹುಬ್ಬಳ್ಳಿಯಲ್ಲೂ ಇತ್ತು. ಬಿವಿಬಿ 1947ರಿಂದ ಎಂಜಿನಿಯರುಗಳನ್ನು ತಯಾರು ಮಾಡುತ್ತಿದೆ, ಸುರತ್ಕಲ್ 1960ರಿಂದ. ಅಲ್ಲಿ ಓದಿದವರು ಯಾಕೆ ರಾತ್ರಿ ಬಸ್ಸು ಹತ್ತುತ್ತಾರೆ? ನನ್ನ ಪ್ರಕಾರ ಊರಿನ ಗಟ್ಟಿತನ ತಿಳಿಯುವುದು ಎರಡನೆಯ ಕೆಲಸದಲ್ಲಿ. ಬೆಂಗಳೂರಿನಲ್ಲಿ ಒಂದು ಕಂಪನಿ ಬಿಟ್ಟವರು ಮನೆ ಖಾಲಿ ಮಾಡಬೇಕಿಲ್ಲ, ಮಕ್ಕಳ ಶಾಲೆ ಬದಲಿಸಬೇಕಿಲ್ಲ. ಗಂಡ ಹೆಂಡತಿ ಇಬ್ಬರಿಗೂ ಅದೇ ಊರಲ್ಲಿ ಕೆಲಸ ಸಿಗುತ್ತದೆ. ಕೆಲಸ ಬಿಟ್ಟು ಸ್ವಂತ ಕಂಪನಿ ಕಟ್ಟಲು ಧೈರ್ಯ ಬರುವುದೂ ಇದರಿಂದಲೇ, ಸೋತರೆ ಮತ್ತೆ ಸೇರಿಕೊಳ್ಳಲು ಬೇರೆ ಬಾಗಿಲುಗಳಿವೆ. ಒಂದೇ ದೊಡ್ಡ ಕಂಪನಿಯಿರುವ ಊರಿನಲ್ಲಿ ಅದನ್ನು ಬಿಟ್ಟರೆ ಊರನ್ನೇ ಬಿಡಬೇಕು.

ಬೆಂಗಳೂರಿಗೆ ಈ ಬಲ ಶಾಶ್ವತವೇನಲ್ಲ. ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಪಂಪು ಮಾಡಿ ಮೇಲೆತ್ತಿ ತರುವ ಊರಿದು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದವರಲ್ಲಿ ಈ ಕಂಪನಿಗಳ ನೌಕರರೂ ಇದ್ದರು. ನೀರು, ಬಾಡಿಗೆ, ಟ್ರಾಫಿಕ್ಕು ಸೇರಿ ಹೊಸಬರನ್ನು ಹಿಂದೆ ಕಳಿಸಿದರೆ ಎರಡನೆಯ ಕೆಲಸದ ಲಾಭವೂ ಕರಗುತ್ತದೆ.

ಹಾಗಾಗಿ ಹುಬ್ಬಳ್ಳಿಯ ಮಕ್ಕಳಿಗೆ ನಾನು ಹೇಳುವುದಿಷ್ಟು: ಒಂದು ದೊಡ್ಡ ಕ್ಯಾಂಪಸ್ಸಿಗಾಗಿ ಸರ್ಕಾರದ ಮುಂದೆ ಕಾಯಬೇಡಿ. ಒಂದೇ ಕಸುಬಿನ ಇಪ್ಪತ್ತು ಸಣ್ಣ ಕಂಪನಿಗಳು ಊರಲ್ಲಿ ನಿಲ್ಲುವಂತೆ ಜಾಗ, ಸಾಲ, ಮೊದಲ ಆರ್ಡರು ಕೇಳಿ.