ಮಾರಿಸ್ ಮೈನರ್‌ಗೆ ಯಾವ ಸ್ಟಾರ್ಟರ್?

ಹಳೆಯ ಕಾರಿಗೆ ಬದಲಿ ಸ್ಟಾರ್ಟರ್ (ಎಂಜಿನ್ನನ್ನು ತಿರುಗಿಸಿ ಚಾಲೂ ಮಾಡುವ ಮೋಟಾರು) ಆರಿಸುವಾಗ ಮೊದಲು ನೋಡಬೇಕಾದದ್ದು ಎಂಜಿನ್ನಿನ ಹಿಂಬದಿಯ ಭಾರದ ಚಕ್ರವಾದ ಫ್ಲೈವೀಲಿನ ಸುತ್ತ ಕೂತಿರುವ ಹಲ್ಲಿನ ಬಳೆ, ಅಂದರೆ ರಿಂಗ್ ಗೇರನ್ನು. ನನ್ನ ಮಾರಿಸ್ ಮೈನರ್ 1000 ಕಾರಿನ ಸ್ಟಾರ್ಟರ್ ಆರ್ಮೇಚರ್ (ಮೋಟಾರಿನೊಳಗೆ ತಿರುಗುವ, ತಂತಿ ಸುತ್ತಿದ ಭಾಗ) ಸುಟ್ಟುಹೋದಾಗ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಎಲ್ಲರೂ ಕೇಳಿದ್ದು ಮಾಡೆಲ್ ಯಾವುದೆಂದು. ಆದರೆ ಇಷ್ಟು ದಶಕ ಓಡಿದ ಕಾರಿನಲ್ಲಿ ಎಂಜಿನ್, ಕ್ಲಚ್, ಫ್ಲೈವೀಲ್ ಯಾವಾಗ ಬದಲಾದವೆಂದು ಆರ್.ಸಿ. ಪುಸ್ತಕ ಹೇಳುವುದಿಲ್ಲ.

ಈ ಕಾರಿಗೆ 1956ರಲ್ಲಿ 948 ಸಿಸಿಯ, 1962ರಲ್ಲಿ 1098 ಸಿಸಿಯ ಎ-ಸೀರೀಸ್ ಎಂಜಿನ್ ಬಂತು. ಅದರ ಜೊತೆಗಿದ್ದದ್ದು ಲೂಕಾಸ್ ಎಂ35ಜಿ ಮಾದರಿಯ ಸ್ಟಾರ್ಟರ್. ಮೋಟಾರು ಒಮ್ಮೆಲೇ ತಿರುಗಿದಾಗ ಅದರ ದಂಡದ ಮೇಲಿರುವ ಪಿನಿಯನ್ ಎಂಬ ಚಿಕ್ಕ ಗೇರ್ ತನ್ನ ಜಡತ್ವದಿಂದ ಹಿಂದೆ ಉಳಿದು, ಬೋಲ್ಟಿನ ಮೇಲೆ ನಟ್ಟು ಸರಿಯುವಂತೆ ಸುರುಳಿ ಹಲ್ಲಿನ ಮೇಲೆ ಸರಿದು ರಿಂಗ್ ಗೇರಿಗೆ ಕಚ್ಚಿಕೊಳ್ಳುತ್ತದೆ. ಎಂಜಿನ್ ಹೊತ್ತಿಕೊಂಡ ಕೂಡಲೇ ಹಿಂದಕ್ಕೆ ಎಸೆಯಲ್ಪಡುತ್ತದೆ. ಮುಂದೆ ಬಂದ ಪ್ರೀ-ಎಂಗೇಜ್ಡ್ ಮಾದರಿಯಲ್ಲಿ ಮೋಟಾರಿನ ಬೆನ್ನ ಮೇಲಿರುವ ಸೊಲೆನಾಯ್ಡ್ ಎಂಬ ವಿದ್ಯುತ್ಕಾಂತ ಮೊದಲು ಪಿನಿಯನ್ನನ್ನು ತಳ್ಳಿ ಕೂರಿಸುತ್ತದೆ, ಆಮೇಲೆ ಪೂರ್ಣ ಕರೆಂಟು ಹರಿಯುತ್ತದೆ.

ಮುಖ್ಯ ತೊಡಕು ಇಲ್ಲಿಯೇ ಇದೆ. ಎ-ಸೀರೀಸ್ ಎಂಜಿನ್ನಿನ ಹಳೆಯ ಮಾದರಿಯ ಸ್ಟಾರ್ಟರಿನಲ್ಲಿ ಪಿನಿಯನ್ ಗೇರ್‌ಬಾಕ್ಸ್ ಕಡೆಯಿಂದ ಮೋಟಾರಿನತ್ತ ಬರುತ್ತದೆ, ಹೊಸದರಲ್ಲಿ ಮೋಟಾರಿನಿಂದ ಆಚೆಗೆ ಹೋಗುತ್ತದೆ. ಆದ್ದರಿಂದ ರಿಂಗ್ ಗೇರಿನ ಹಲ್ಲುಗಳ ತುದಿಯನ್ನು ಇಳಿಜಾರಾಗಿ ಕಡಿದಿರುವ ಬದಿಯೂ ಬೇರೆಯಾಗುತ್ತದೆ. ಬೋಲ್ಟಿನ ತೂತುಗಳು ಹೊಂದಿದವೆಂದು ತಪ್ಪು ಜೋಡಿಯನ್ನು ಕೂರಿಸಿದರೆ ಹಲ್ಲುಗಳು ಎದುರುಬದುರಾಗಿ ಬಡಿದು, ಕಡೆಗೆ ಗೇರ್‌ಬಾಕ್ಸ್ ಇಳಿಸುವ ಖರ್ಚು ಬರುತ್ತದೆ. ಹಲ್ಲಿನ ಸಂಖ್ಯೆ, ಪಿನಿಯನ್ನಿನ ಹಲ್ಲಿನ ಅಳತೆ, ತಿರುಗುವ ದಿಕ್ಕು ಇವನ್ನು ಹಳೆಯ ಮೋಟಾರನ್ನು ಪಕ್ಕದಲ್ಲಿಟ್ಟುಕೊಂಡೇ ಹೋಲಿಸಬೇಕು.

ಒಳಗಿನ ಗೇರುಗಳಿಂದ ಮೋಟಾರಿನ ವೇಗವನ್ನು ಇಳಿಸಿ ಬಲ ಹೆಚ್ಚಿಸುವ ಇತ್ತೀಚಿನ ಗೇರ್ ಇಳಿಕೆಯ ಸ್ಟಾರ್ಟರುಗಳು ಹಗುರ, ಕರೆಂಟೂ ಕಡಿಮೆ ಎಳೆಯುತ್ತವೆ, ಎಂಜಿನ್ನನ್ನು ಚುರುಕಾಗಿ ತಿರುಗಿಸುತ್ತವೆ. ಹಳೆಯ ರಿಂಗ್ ಗೇರಿಗೆ ಹೊಂದುವಂಥವೂ ಸಿಗುತ್ತವೆ. ಆದರೆ ಮೈನರ್ ಕಾರ್ಖಾನೆಯಿಂದ ಹೊರಬಂದದ್ದು ಬ್ಯಾಟರಿಯ ಪಾಸಿಟಿವ್ ತುದಿಯನ್ನು ಕಾರಿನ ಲೋಹದ ಮೈಗೆ ಜೋಡಿಸಿಕೊಂಡು, ಅಂದರೆ ಪಾಸಿಟಿವ್ ಅರ್ಥ್ ಆಗಿ. ಲೂಕಾಸ್ ಮೋಟಾರಿನಲ್ಲಿ ಕಾಂತತ್ವ ಹುಟ್ಟಿಸುವ ಫೀಲ್ಡ್ ಕಾಯಿಲ್, ಆರ್ಮೇಚರ್ ಎರಡರಲ್ಲೂ ಕರೆಂಟು ಒಟ್ಟಿಗೇ ತಿರುವುಮುರುವಾಗುವುದರಿಂದ ಧ್ರುವ ಬದಲಾದರೂ ಅದು ಅದೇ ದಿಕ್ಕಿನಲ್ಲಿ ತಿರುಗುತ್ತದೆ. ಹೊಸ ಸ್ಟಾರ್ಟರುಗಳಲ್ಲಿ ಹಲವಕ್ಕಿರುವಂಥ ಶಾಶ್ವತ ಅಯಸ್ಕಾಂತದ ಮೋಟಾರು ಹಾಗಲ್ಲ, ಉಲ್ಟಾ ತಿರುಗುತ್ತದೆ. ಇದನ್ನು ಮಾರುವವರು ತಾವಾಗಿಯೇ ಹೇಳುವುದು ಅಪರೂಪ; ಕೊಳ್ಳುವವರೇ ಕೇಳಬೇಕು.

ಕೊಳ್ಳುವ ಮೊದಲು ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಎಂಜಿನ್ನನ್ನು ಕೈಯಿಂದ ತಿರುಗಿಸುತ್ತ, ಸ್ಟಾರ್ಟರ್ ಕಳಚಿದ ತೂತಿನಲ್ಲಿ ಟಾರ್ಚ್ ಬಿಟ್ಟು ರಿಂಗ್ ಗೇರನ್ನು ಪೂರ್ತಿ ಸುತ್ತು ನೋಡಬೇಕು. ನಾಲ್ಕು ಸಿಲಿಂಡರಿನ ಎಂಜಿನ್ ಕಂಪ್ರೆಶನ್ನಿನ ತಡೆಯಿಂದಾಗಿ ಹೆಚ್ಚಾಗಿ ಎದುರುಬದುರಾದ ಎರಡೇ ಜಾಗಗಳಲ್ಲಿ ನಿಲ್ಲುವುದರಿಂದ ಸವೆತವೂ ಅಲ್ಲೇ ಹೆಚ್ಚು. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಕೂತಿರುವುದರಿಂದ ಅದಕ್ಕೂ ಕಾರಿನ ಮೈಗೂ ನಡುವೆ ಕರೆಂಟು ಹರಿಸುವ ಅರ್ಥ್ ಪಟ್ಟಿ ತುಕ್ಕು ಹಿಡಿದಿದ್ದರೆ ಎಂಥ ಸ್ಟಾರ್ಟರೂ ಸೋಮಾರಿಯಾಗಿಯೇ ಕಾಣುತ್ತದೆ.

ನನ್ನ ಕಾರಿನ ರಿಂಗ್ ಗೇರ್ ಮೂಲದ್ದೇ ಆಗಿತ್ತು, ಹಲ್ಲುಗಳೂ ಚೆನ್ನಾಗಿದ್ದವು. ಹಾಗಾಗಿ ಪಾಸಿಟಿವ್ ಅರ್ಥನ್ನು ಉಳಿಸಿಕೊಂಡು, ಹಳೆಯ ಲೂಕಾಸ್ ಮೋಟಾರಿಗೇ ಆರ್ಮೇಚರ್ ಸುತ್ತಿಸಿ, ಹೊಸ ಬುಷ್ ಮತ್ತು ಕಾರ್ಬನ್ ಬ್ರಷ್ ಹಾಕಿಸಿದೆ. ಅದು ಸಿದ್ಧವಾಗುವ ತನಕ ಎಂಜಿನ್ನನ್ನು ಕೈಯಿಂದ ತಿರುಗಿಸಿ ಚಾಲೂ ಮಾಡುವ ಮುಂಭಾಗದ ಹ್ಯಾಂಡಲ್ ಇದ್ದೇ ಇತ್ತು.